ಬೀಸುಕಲ್ಲಿನ ಆ ಕಡೆ ಕುಂತವಳು

ಇದನ್ನ ಓದಿ ನಗೋರು ನಗಲಿ. ನನ್ನ ಗಂಡನೇ ನಕ್ಕಿದ್ದಾನೆ. ಆದ್ರೆ ಆ ರಾತ್ರಿ ನನ್ನ ಬಲಗೈಲಿ ಎದ್ದ ಬೊಬ್ಬೆ ಆರೋದಕ್ಕೆ ಎಂಟು ದಿನ ಹಿಡೀತು. ಕನಸು ಕಂಡ್ರೆ ಯಾರ ಕೈಗೂ ಬೊಬ್ಬೆ ಬರೋದಿಲ್ಲ.

ಆಗ ನಾನು ಎಂ.ಎ. ಎರಡನೇ ವರ್ಷ. ಚಿಕ್ಕೋಡಿಯ ಹೊರಗೆ, ಕಬ್ಬಿನ ಹೊಲಗಳ ಪಕ್ಕದಲ್ಲಿ ನಮ್ಮ ಕ್ಯಾಂಪಸ್. ದಸರಾ ಮುಗಿದಿತ್ತು. ಕಾರ್ಖಾನೆಗಳು ಕಬ್ಬು ನುರಿಸೋಕೆ ಶುರು ಮಾಡಿದ್ದವು, ಸಂಜೆ ಆದ್ರೆ ಗಾಳಿಯಲ್ಲಿ ಕಾಕಂಬಿಯ ಹುಳಿ ವಾಸನೆ. ಪ್ರತಿ ವರ್ಷ ಇದೇ ಹೊತ್ತಿಗೆ ನಮ್ಮಲ್ಲಿ ಎರಡು ದಿನದ ಸಾಂಸ್ಕೃತಿಕ ಉತ್ಸವ... ನಾಟಕ, ರಂಗೋಲಿ, ಭಜನೆ, ಜಾನಪದ ಹಾಡು.

ಜಾನಪದ ಹಾಡಿನ ಬಹುಮಾನ ಹಿಂದಿನ ವರ್ಷ ನಂದು. ಈ ಸಲವೂ ನಂದೇ ಅಂತ ಏಕಸಂಬಿಯ ನಮ್ಮ ಓಣಿಗೆಲ್ಲ ಹೇಳಿಟ್ಟಿದ್ದೆ. ಅವ್ವ ತನ್ನ ಇಳಕಲ್ ಸೀರೆ ಇಸ್ತ್ರಿ ಮಾಡಿಸಿ ಕಳಿಸಿದ್ದಳು.

ಅಷ್ಟರಲ್ಲಿ ರೇಣುಕಾ ಬೀಸುಕಲ್ಲು ತಂದಳು.

ರೇಣುಕಾ ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ರಾಯಬಾಗದ ಹತ್ತಿರದ ಹಳ್ಳಿ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಬೀಸುಕಲ್ಲನ್ನ ಅಣ್ಣನ ಟೆಂಪೋದಲ್ಲಿ ಹಾಕಿಸಿಕೊಂಡು ಬಂದು, ಹಾಲ್‌ನ ಸ್ಟೇಜಿನ ಮೇಲೆ ಇಟ್ಟು, ಗೂಟ ಹಿಡಿದು ತಿರುಗಿಸ್ತಾ ಹಾಡಿದಳು. ಉತ್ಸವಕ್ಕೆ ಹಾಡೋರನ್ನ ಆರಿಸೋಕೆ ಕುಂತಿದ್ದ ನಮ್ಮ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ್ರು.

“ಈ ಸಲ ರೇಣುಕಾನ ಹಾಡ್ಲಿ. ಭಾರತಿ, ನೀ ಹಿಂದ ಕುಂತು ಹಿಮ್ಮೇಳ ಹಾಡವಾ,” ಅಂದ್ರು.

ನಾನು ನಕ್ಕೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳೂ ನಾನೇ. ಆದ್ರೆ ಅವತ್ತಿನಿಂದ ನಿದ್ದೆ ಇಲ್ಲ. ಪಕ್ಕದ ಕಾಟಿನಲ್ಲಿ ಅವಳು ಮಲಗಿ ಉಸಿರಾಡೋ ಸದ್ದೂ ನನಗೆ ಸೇರ್ತಿರಲಿಲ್ಲ. ಬೆಳಿಗ್ಗೆ ಎದ್ದು ಅವಳೇ ನನ್ನ ತಾಟಿಗೆ ಶೇಂಗಾ ಹೋಳಿಗೆ ಹಾಕ್ತಿದ್ದಳು. ಕೆಟ್ಟವಳಾಗಿದ್ರೆ ಒಂದು ಜಗಳ ತೆಗೆದು ಹಗುರಾಗ್ತಿದ್ದೆ. ಅವಳು ಒಳ್ಳೆಯವಳು, ಅದೇ ಸುಡ್ತಿತ್ತು.

ಉತ್ಸವದ ಹಿಂದಿನ ರಾತ್ರಿ, ಊಟ ಆದ ಮೇಲೆ, ಹುಡುಗಿಯರೆಲ್ಲ ಹಾಸ್ಟೆಲಿನ ಕೆಳಗಿನ ರೂಮಿನಲ್ಲಿ ಮೆಹಂದಿ ಹಚ್ಚಿಕೊಳ್ತಾ ಕುಂತಿದ್ದರು. ರೇಣುಕಾನೂ ಅಲ್ಲೇ ಇದ್ದಳು. ನಾನು ಸದ್ದಿಲ್ಲದೆ ಹೊರಬಿದ್ದೆ. ಮುಚ್ಚಿಡೋದೇನು... ಬೀಸುಕಲ್ಲಿನ ಗೂಟ ಕಿತ್ತು ಕಬ್ಬಿನ ಹೊಲಕ್ಕೆ ಒಗೆಯೋಕೆ ಹೊರಟಿದ್ದೆ.

ಗೇಟಿನಲ್ಲಿ ವಾಚ್‌ಮನ್ ದಸ್ತಗೀರ ಮಾಮಾ ತಡೆದ.

“ಎಲ್ಲಿಗಿ ಬೇಟಿ?”

“ಹಾಲ್‌ನ್ಯಾಗ ದುಪಟ್ಟಾ ಬಿಟ್ಟ ಬಂದೇನ್ರಿ ಮಾಮಾ.”

“ಅಲ್ಲೆ ಕರೆಂಟ್ ಹೋಗೇತಿ. ಲಗೂನ ಬಾ.”

ಹಾಲ್‌ನ ಬಾಗಿಲು ಅರ್ಧ ತೆರೆದಿತ್ತು. ಯಾರಾದ್ರೂ ನೋಡಿಯಾರು ಅಂತ ಮೊಬೈಲಿನ ಬೆಳಕು ಹಚ್ಚಲಿಲ್ಲ. ಒಳಗೆ ಚೆಂಡುಹೂವಿನ ವಾಸನೆ, ಹೊಸ ಬಣ್ಣದ ವಾಸನೆ. ಅದರ ನಡುವೆ... ಬಿಸಿ ಬಿಸಿ ಜೋಳದ ಹಿಟ್ಟಿನ ವಾಸನೆ.

ಗರ್ರ್... ಗರ್ರ್...

ಕಲ್ಲು ತಿರುಗ್ತಿತ್ತು. ಜೊತೆಗೆ ಸಣ್ಣ ದನಿಯ ಹಾಡು.

ಹಿಂದಿನ ಬಾಗಿಲಿಂದ ರೇಣುಕಾ ನನಗಿಂತ ಮೊದಲೇ ಬಂದು ಪ್ರಾಕ್ಟೀಸ್ ಮಾಡ್ತಿದ್ದಾಳೆ ಅಂದ್ಕೊಂಡೆ. ಕುರ್ಚಿಗಳ ನಡುವೆ ನಿಂತು ಕೇಳಿದೆ. ಎಂಥ ಹಾಡು ಅದು! ಸರ್ ಮುಂದೆಯೂ ಅವಳು ಹೀಗೆ ಹಾಡಿರಲಿಲ್ಲ. ಒಳ್ಳೇದನ್ನ ನಮ್ಮಿಂದ ಮುಚ್ಚಿಟ್ಟುಕೊಂಡಿದ್ದಾಳೆ, ಕಳ್ಳಿ!

ಕಲ್ಲು ನಿಂತಿತು.

“ಬಾ. ಆ ಕಡೆ ಕುಂಡ್ರು. ಒಬ್ಬಾಕಿಗೇ ಜಗ್ಗಾಂಗಿಲ್ಲ ಇದು.”

ನನಗೆ ಸಿಟ್ಟು ಬಂತು. ಮುದುಕಿಯ ದನಿ ಮಾಡಿ ಆಟ ಆಡ್ತಿದ್ದಾಳೆ ಅನ್ನಿಸ್ತು. “ಕತ್ತಲದಾಗ ಯಾಕ ಕುಂತೀ ಬೇ?” ಅಂದೆ. ಮೆಟ್ಟಿಲು ತಡಕಾಡಿ ಹತ್ತಿ, ಎದುರಿಗೆ ಕುಂತು ಗೂಟಕ್ಕೆ ಕೈ ಹಾಕಿದೆ. ನನ್ನ ಕೈಮೇಲೆ ಅವಳ ಕೈ ಕುಂತಿತು. ಒಣಗಿದ ಕೈ. ಬಳೆಗಳು ಒತ್ತೊತ್ತಾಗಿ ಗಿಲಕ್ ಅಂದವು. ರೇಣುಕಾ ಕೈಗೆ ಬಳೆ ಹಾಕೋದೇ ಇಲ್ಲ ಅಂತ ಆ ಹೊತ್ತಿಗೆ ನನಗೆ ಹೊಳೀಲೇ ಇಲ್ಲ.

ಇಬ್ಬರೂ ಬೀಸಿದೆವು. ಸುಮಾರು ಹೊತ್ತು.

“ಯಾರ ಮ್ಯಾಲ ಇಷ್ಟ ಉರಿ ನಿನಗ?” ದನಿ ಬಹಳ ಹತ್ತಿರದಿಂದ ಬಂತು.

ಸುಳ್ಳು ಹೇಳೋಣ ಅಂದ್ಕೊಂಡೆ. ಬಾಯಿ ಕೇಳಲಿಲ್ಲ. “ನಿನ್ನ ಮ್ಯಾಲ,” ಅಂದುಬಿಟ್ಟೆ.

“ನನಗೂ ಹಂಗ ಇತ್ತ...” ಅಂದಳು. ಅಂದು, ಹೊಸದೊಂದು ಪದ ಎತ್ತಿಕೊಂಡಳು. ಮೂರೇ ಸಾಲು. ಮೊದಲನೇ ಸಲ ಕೇಳಿದೆ, ಎರಡನೇ ಸಲ ನಾನೂ ಹಾಡ್ತಿದ್ದೆ. ಹಾಡ್ತಾ ಹಾಡ್ತಾ ನನ್ನ ಕಣ್ಣಲ್ಲಿ ನೀರು ಇಳೀತಿತ್ತು.

ಆಗ ನನ್ನ ಮಡಿಲಲ್ಲಿದ್ದ ಮೊಬೈಲ್ ಬಡ್ಕೊಂಡಿತು. ಪರದೆಯ ಮೇಲೆ ಹೆಸರು... ರೇಣುಕಾ.

ಎಡಗೈಲಿ ಎತ್ತಿದೆ. ಅತ್ತ ಹುಡುಗಿಯರ ಗದ್ದಲ, ನಗು. “ಎಲ್ಲಿ ಹೋಗೀಯೇ? ನಿನಗ ಹಚ್ಚೂಣಂತ ಒಂದು ಮೆಹಂದಿ ಕೋನ್ ಇಟಗೊಂಡ ಕುಂತೇನಿ. ಲಗೂ ಬಾರಬೇ!”

ನನ್ನ ಬಲಗೈ ಇನ್ನೂ ಗೂಟದ ಮೇಲಿತ್ತು. ಆ ಒಣ ಕೈ ನನ್ನ ಕೈಮೇಲಿತ್ತು. ಕಲ್ಲು ತಿರುಗ್ತಾನೇ ಇತ್ತು.

ಮೊಬೈಲಿನ ಬೆಳಕನ್ನ ಮೆಲ್ಲಗೆ ಆ ಕಡೆ ತಿರುಗಿಸಿದೆ.

ಯಾರೂ ಇರಲಿಲ್ಲ.

ಕೈಮೇಲಿನ ಭಾರ ಇಳೀತು. ಕಲ್ಲು ತಾನೇ ಇನ್ನೊಂದು ಸುತ್ತು ತಿರುಗಿ ನಿಂತಿತು. ಕಲ್ಲಿನ ಸುತ್ತ, ಕೆಳಗೆ ಹಾಸಿದ್ದ ಚಾದರದ ಮೇಲೆ, ಬೆಳ್ಳಗೆ ಹಿಟ್ಟು ಬಿದ್ದಿತ್ತು. ಸ್ಟೇಜು ಹೊಲಸಾಗ್ತದೆ ಅಂತ ಸರ್ ನಮಗೆ ಒಂದು ಕಾಳೂ ಹಾಕೋಕೆ ಬಿಟ್ಟಿರಲಿಲ್ಲ.

ಓಡಿದೆ. ಚಪ್ಪಲಿ ಅಲ್ಲೇ ಉಳಿದವು. ಗೇಟಿನಲ್ಲಿ ದಸ್ತಗೀರ ಮಾಮಾ ಎದ್ದು ನಿಂತಿದ್ದ.

“ನಿನ್ನ ಜೋಡಿ ಯಾರ ಹಾಡಾಕತ್ತಿದ್ರ ಬೇಟಿ?”

“ಯಾ... ಯಾರೂ ಇಲ್ರಿ.”

“ಎರಡ ದನಿ ಕೇಳಿದ್ವಲಾ,” ಅಂದ. ತಾನೇ ಹಾಸ್ಟೆಲಿನ ಬಾಗಿಲ ತನಕ ಬಂದು ಬಿಟ್ಟು ಹೋದ.

ಮರುದಿನ ರೇಣುಕಾ ಹಾಡಿದಳು. ಗೂಟ ಅದರ ಜಾಗದಲ್ಲೇ ಇತ್ತು. ಹಿಂದೆ ಕುಂತು, ಅಂಗೈಗೆ ಬಟ್ಟೆ ಸುತ್ತಿಕೊಂಡು, ನಾನು ಹಿಮ್ಮೇಳ ಹಾಡಿದೆ. ಬಹುಮಾನ ಅವಳಿಗೇ ಬಂತು. ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡೀತಾ ತಡೀಲಾರದೆ ಕೇಳಿದೆ, “ಆ ಕಲ್ಲ ಯಾರದ ಬೇ?”

“ನಮ್ಮ ಮುತ್ಯಾನ ಹೆಣ್ತ್ಯಾರದು. ಮುತ್ಯಾಗ ಇಬ್ಬರಲಾ. ಒಬ್ಬರ ಮಾರಿ ಒಬ್ಬರು ನೋಡ್ತಿದ್ದಿಲ್ಲಂತ. ಆದ್ರ ಬೀಸಾಕ ಮಾತ್ರ ದಿನಾ ಎದುರಾಬದುರಾ ಕುಂಡ್ರತಿದ್ರಂತ. ಜಗಳ, ಬೈಗಳಾ, ಅಳು, ಎಲ್ಲಾ ಪದದಾಗ.”

“ಆ ಪದ ನಿನಗ ಬರ್ತಾವ?”

“ಒಂದೂ ಇಲ್ಲ. ಅವರ ಜೋಡಿನ ಹೋದ್ವು. ನಾ ಹಾಡಿದ್ದು ಬ್ಯಾರೆಯವರ ಕಡೆ ಕಲ್ತಿದ್ದು.” ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದಳು. “ಅವರದೊಂದ ಪದ ಸಿಕ್ಕಿದ್ರ, ಭಾರತಿ, ನಾ ಏನ ಬೇಕಾದ್ರೂ ಕೊಡ್ತಿದ್ದೆ ನೋಡ.”

ಪದ ನನ್ನ ಗಂಟಲಿನಲ್ಲೇ ಇತ್ತು. ಅದರ ಮೇಲೆ ಚಹಾ ಕುಡಿದುಬಿಟ್ಟೆ.

ಇವತ್ತು ರೇಣುಕಾಳನ್ನ ನಿಪ್ಪಾಣಿಯಿಂದ ಅಥಣಿ ತನಕ ಹಾಡೋಕೆ ಕರೀತಾರೆ. ನಾನು ಶಾಲೆಯಲ್ಲಿ ಪಾಠ ಹೇಳ್ತೀನಿ. ಅವತ್ತು ನನ್ನೆದುರು ಕುಂತವಳು ಆ ಇಬ್ಬರಲ್ಲಿ ಯಾರು, ನನ್ನನ್ನ ಯಾಕೆ ಕರೆದಳು, ತನ್ನ ಮನೆಯ ಹುಡುಗಿಯನ್ನ ಬಿಟ್ಟು ಪದವನ್ನ ನನಗೇ ಯಾಕೆ ಕೊಟ್ಟಳು... ಗೊತ್ತಿಲ್ಲ. ಒಮ್ಮೊಮ್ಮೆ ರೊಟ್ಟಿ ಬಡಿಯುವಾಗ ಆ ಪದ ತಾನೇ ಬಾಯಿಗೆ ಬರ್ತದೆ. ತುಟಿ ಕಚ್ಚಿ ತಡೀತೀನಿ.

“ಒಂದ ಕಲ್ಲಿಗಿ ನಾವು ಇಬ್ಬರೂ ಕುಂತೇವ...” ಮೊದಲ ಸಾಲು ಇಷ್ಟು.

ಉಳಿದೆರಡು ಸಾಲು ಬರೆಯೋದಿಲ್ಲ. ರೇಣುಕಾ ಓದಿದ್ರೆ ನನಗಿಂತ ಚೆಂದ ಹಾಡ್ತಾಳೆ.