ತಳ ನೋಡಿ ಕೊಂಡ ವೈನ್

ಸಿಂಗಸಂದ್ರದ ಸೂಪರ್‌ಮಾರ್ಕೆಟ್ಟಿನಲ್ಲಿ ನಮ್ಮ ಅಳಿಯಂದಿರು ವೈನ್ ಬಾಟಲಿಯನ್ನು ತಲೆಕೆಳಗು ಮಾಡಿ, ಅದರ ತಳದ ಗುಳಿಯೊಳಕ್ಕೆ ಹೆಬ್ಬೆರಳು ತೂರಿಸಿದರು. ಬಡ್ತಿ ಕೊಡಬೇಕಾದ ಮ್ಯಾನೇಜರ್ ಅಂದು ಅವರನ್ನು ಮನೆಗೆ ಊಟಕ್ಕೆ ಕರೆದಿದ್ದರು. ಅಂಥ ಮನೆಗೆ ವೈನ್ ಒಯ್ಯಬೇಕೆಂದು ಯಾರೋ ಹೇಳಿದ್ದರಂತೆ. ಇವರು ಅದನ್ನು ಮೂಸಿಯೂ ನೋಡಿದವರಲ್ಲ.

“ತಳ ಒಳಗೆ ಹೋದಷ್ಟೂ ಒಳ್ಳೇ ಮಾಲಂತೆ ಅತ್ತೆ.”

ನಾನು ಸಂಕೋಚದಿಂದಲೇ ಹೇಳಿದೆ: “ತಳ ಒಳಕ್ಕೆ ತಟ್ಟಿದ ಸೇರಲ್ಲಿ ಅಳೆಯೋ ಅಂಗ್ಡಿಗೆ ನಮ್ಮೂರಲ್ಲಿ ಯಾರೂ ಹೋಗ್ತಿರ್ಲಿಲ್ಲ. ಕಮ್ಮಿ ಹಿಡಿಯುತ್ತೆ, ನೋಡಿ.”

ಅವರು ನಕ್ಕು ಅದನ್ನೇ ಕೊಂಡರು.

ಬಡ್ತಿಯೇನೋ ಬಂತು. ಆದರೆ ಆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲವಂತೆ. ಮ್ಯಾನೇಜರರ ಹೆಂಡತಿ ವೈನನ್ನು ಸಿಂಕಿಗೆ ಸುರಿದು, ಬಾಟಲಿ ಬಹಳ ಚೆಂದವೆಂದು ಅದರಲ್ಲಿ ಮನಿಪ್ಲಾಂಟ್ ಬೆಳೆಸಿದ್ದಾರೆ. ರುಚಿ ಹೇಗಿತ್ತೆಂದು ಮೊಮ್ಮಕ್ಕಳು ಕೇಳುತ್ತಾರೆ. ಹೇಳಬಲ್ಲವರು ಯಾರೂ ಇಲ್ಲ.