ಫುಪ್ಪು ಹೊತ್ತ ಮಣ್ಣು

ಹಿರೇವಡ್ಡಟ್ಟಿಯಲ್ಲಿರುವ ನಮ್ಮ ಗುಡ್ಡದ ಕಡೆಯ ಹೊಲ ಇಂದಿಗೂ ಹೊಲವಾಗಿಯೇ ಇದೆ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಜಂಬ ಎನ್ನುವವರು ಎನ್ನಲಿ. ಪಕ್ಕದ ಹೊಲವನ್ನು ಒಮ್ಮೆ ಇಣುಕಿ ನೋಡಿ ಆಮೇಲೆ ಮಾತಾಡಲಿ.

ಆಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಕಚೇರಿ ಕಟ್ಟುವವರು, ರಸ್ತೆ ಅಗಲ ಮಾಡುವವರು. ರಸ್ತೆಗೆ ಗರಸು ಬೇಕು. ಆ ಕೆಂಪು ಕಲ್ಲುಮಣ್ಣು ನಮ್ಮ ಹೊಲದ ಅಡಿಯಲ್ಲಿ ಬೇಕಾದಷ್ಟಿತ್ತು. ಗುತ್ತಿಗೆದಾರನೊಬ್ಬ ಬಂದು, ಹೊಲ ಲೀಸಿಗೆ ಕೊಡಿ, ಗರಸು ತೆಗೆದುಕೊಂಡು ಕೆಲವು ವರ್ಷಕ್ಕೆ ವಾಪಸು ಕೊಡುತ್ತೇನೆ ಎಂದ. ನಮ್ಮ ತಂದೆ, ಅಂದರೆ ಅಬ್ಬಾ, ಹಿಗ್ಗಿ ಹೀರೇಕಾಯಿಯಾದರು. ಅವರಿಗೆ ದುಡ್ಡಿನ ತಾಪತ್ರಯವೇನೂ ಇರಲಿಲ್ಲ, ಇದ್ದದ್ದು ಜಿಲ್ಲೆಯ ಹುಚ್ಚು. "ಡಿ.ಸಿ. ಸಾಹೇಬ್ರ ಗಾಡಿ ನಮ್ಮ ಹೊಲದ ಗರಸಿನ ಮ್ಯಾಲ ಓಡತೈತಿ, ನೋಡ್ರಿ ಬೇಕಾರ" ಎಂದು ಚಹಾದಂಗಡಿಯಲ್ಲಿ ಕೂತು ಸಾರಿಬಿಟ್ಟರು.

ಒಂದೇ ತೊಡಕಿತ್ತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಬ್ಬಾನ ಜೊತೆಗೆ ಅವರ ಅಕ್ಕನ ಹೆಸರೂ ಇತ್ತು. ಅವರು ನಮಗೆ ಫುಪ್ಪು, ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋದವರು. ನಮ್ಮ ಮುಸ್ಲಿಮರಲ್ಲಿ ಮಗನಿಗೆ ಬರುವುದರ ಅರ್ಧದಷ್ಟು ಪಾಲು ಮಗಳಿಗುಂಟು. ಆದರೆ ಬಹಳಷ್ಟು ಅಕ್ಕತಂಗಿಯರು ಒಂದು ಸೀರೆ ಉಡಿಸಿಕೊಂಡು, ಹಕ್ಕು ಬಿಟ್ಟುಕೊಟ್ಟು, ಒಳ್ಳೆಯವರೆನಿಸಿಕೊಳ್ಳುತ್ತಾರೆ. ಫುಪ್ಪುವಿಗೆ ಆ ಚಪಲವಿರಲಿಲ್ಲ. ಪ್ರತಿವರ್ಷ ಅಬ್ಬಾ ಕೇಳುತ್ತಿದ್ದರು, ಅವರು ಒಲ್ಲೆ ಎನ್ನುತ್ತಿದ್ದರು, ಒಂದು ಚೀಲ ಜೋಳ ಹಾಕಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಈಗ ಲೀಸಿಗೆ ಅವರ ಸಹಿ ಬೇಕಾಯಿತು.

"ಹೊಲದಾಗ ಕುಂತು ಮಾತಾಡೂಣು" ಎಂದರು ಫುಪ್ಪು. ಬೇವಿನ ಗಿಡದ ನೆರಳಲ್ಲಿ ಎಲ್ಲರೂ ಕೂತೆವು. ಆಗ ಗದಗಿನಲ್ಲಿ ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದ ನಾನು, ಗುತ್ತಿಗೆದಾರ ತಂದ ಕರಾರುಪತ್ರವನ್ನು ಎಲ್ಲರಿಗೂ ಓದಿ ಹೇಳಿದೆ. ಅವಧಿ ಮುಗಿದ ದಿನ ಹೊಲ ಹೇಗಿರುತ್ತದೋ ಹಾಗೆಯೇ ಮಾಲೀಕರು ಒಪ್ಪಿಕೊಳ್ಳಬೇಕು ಎಂದಿತ್ತು. ಪರವಾನಗಿಗಿಂತ ಹೆಚ್ಚು ಅಗೆದದ್ದಕ್ಕೆ ಸರ್ಕಾರ ದಂಡ ಹಾಕಿದರೆ ಅದೂ ಮಾಲೀಕರಿಗೇ.

"ಅಂದ್ರ, ಹೊಲಾ ಅಗದು ಕುಣಿ ಮಾಡಿ ಕೊಟ್ರ ಕುಣೀನ ತಗೋಬೇಕು?" ಎಂದರು ಫುಪ್ಪು.

ಗುತ್ತಿಗೆದಾರ ನಕ್ಕ. "ಅದು ಬರಿಯೂ ರೀತಿ ರೀ ಅಕ್ಕಾರ. ಮ್ಯಾಲಿನ ಕಸಾಮಣ್ಣು ತಗದು ಒಗಿಯೂ ಖರ್ಚು ಸೈತ ನಮ್ದ. ನಿಮಗೇನೂ ತ್ರಾಸ ಇಲ್ಲ."

ಪಾಪ, ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ ಹೇಳಿದ. ಫುಪ್ಪು ಎದ್ದು ನಿಂತರು.

"ಕಸಾಮಣ್ಣು ಅಂತೀ? ಇಲ್ಲಿ ಮೊದಲ ಬರೇ ಗರಸ ಇತ್ತೋ ಯಪ್ಪಾ. ಬ್ಯಾಸಗ್ಯಾಗ ಕೆರಿ ಬತ್ತಿದಾಗೊಮ್ಮಿ ನಮ್ಮಪ್ಪ ಅದರಾಗಿನ ಕರೀ ಎರಿಮಣ್ಣು ಚಕ್ಕಡ್ಯಾಗ ಹೇರ್ಕೊಂಡು ಬಂದು ಹಾಕ್ಯಾನ. ಬುಟ್ಟಿ ಹೊತ್ತು ಆ ಚಕ್ಕಡಿ ತುಂಬಿದಾಕಿ ನಾನು. ಇವಾ ಆಗ ತೊಟ್ಟಲದಾಗ ಇದ್ದ" ಎಂದು ಅಬ್ಬಾನ ಕಡೆ ಕೈ ಮಾಡಿದರು. "ಆ ಮಣ್ಣು ಒಂದು ಕಡೆ ಕಾದಿಡ್ತೀನಿ, ಕುಣಿ ಮುಚ್ಚಿ ಮತ್ತ ಹಾಸಿ ಕೊಡ್ತೀನಿ ಅಂತ ಬರಿ. ಈಗ ಸಹಿ ಮಾಡ್ತೀನಿ."

"ಬರಿಯೂದ್ಯಾಕ್ರಿ? ಬಾಯಿಲೆ ಹೇಳಾಕತ್ತೀನಲ್ಲ."

"ಹಂಗಾರ ನಾನೂ ಬಾಯಿಲೆ ಹೂಂ ಅಂತೀನಿ. ಸಹಿ ಮಾಡಂಗಿಲ್ಲ."

ಅವತ್ತು ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಅಬ್ಬಾನ ಮುಖ ನೋಡಿ ಸುಮ್ಮನಾದೆ. ಗುತ್ತಿಗೆದಾರ ಪತ್ರ ಮಡಚಿಕೊಂಡು ನೇರ ಪಕ್ಕದ ಹೊಲದವರ ಮನೆಗೆ ಹೋದ. "ಊರಾಗ ನನ್ನ ಮಾನ ಕಳದಿ, ಆಪಾ" ಎಂದು ಅಬ್ಬಾ ಅಕ್ಕನ ಮೇಲೆ ಹರಿಹಾಯ್ದರು. ಫುಪ್ಪು ತಮ್ಮ ಜೋಳದ ಚೀಲದ ಬಾಯಿ ತಾವೇ ಹೊಲಿದುಕೊಂಡು ಹೋದರು. ಆಮೇಲೆ ಅಕ್ಕತಮ್ಮಂದಿರ ನಡುವೆ ಬಹಳ ದಿನ ಮಾತಿರಲಿಲ್ಲ.

ಪಕ್ಕದವರ ಹೊಲದಲ್ಲಿ ಲಾರಿಗಳು ಓಡಾಡಿದವು. ಮೇಲಿನ ಮಣ್ಣನ್ನು ಹಳ್ಳದ ದಂಡೆಗೆ ಒಗೆದರು, ಮಳೆ ಬಂದು ಒಯ್ದಿತು. ಗರಸು ಮುಗಿದ ಮೇಲೆ ಗುತ್ತಿಗೆದಾರ ಆ ಕಡೆ ತಲೆ ಹಾಕಲಿಲ್ಲ. ಉಳಿದದ್ದು ಬಾವಿಯಂಥ ಕುಣಿ. ಅಳತೆ ಮೀರಿ ಅಗೆದದ್ದಕ್ಕೆ ದಂಡದ ನೋಟಿಸು ಬಂದದ್ದು ಹೊಲದವರಿಗೆ. ಅಬ್ಬಾ ನಮ್ಮ ಬದುವಿನ ಮೇಲೆ ನಿಂತು ಆ ಕುಣಿಯನ್ನು ನೋಡುತ್ತಿದ್ದರು.

ಮುಂದಿನ ಹಿಂಗಾರಿಯಲ್ಲಿ ನಮ್ಮ ಜೋಳ ತೆನೆ ತುಂಬಿದಾಗ ಅಬ್ಬಾ ತಾವೇ ಲಕ್ಷ್ಮೇಶ್ವರಕ್ಕೆ ಹೋಗಿ ಅಕ್ಕನನ್ನು ಕರೆತಂದರು. ಹೊಲದಲ್ಲೇ ಹಸಿ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಸೀತನಿಯ ಮೊದಲ ಬೊಗಸೆಯನ್ನು ಅವರ ಸೆರಗಿಗೆ ಹಾಕಿದರು.

"ಹಕ್ಕು ಬಿಟ್ಟುಕೊಡು ಅಂತ ಇನ್ನ ಕೇಳಂಗಿಲ್ಲ, ಆಪಾ."

"ಕೇಳಪಾ" ಎಂದರು ಫುಪ್ಪು, ಬಾಯಿ ತುಂಬ ಸೀತನಿ ಇಟ್ಟುಕೊಂಡು. "ಒಲ್ಲೆ ಅನ್ನೂದು ನನಗ ರೂಢಿ ಆಗೇತಿ."

ಅಬ್ಬಾ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಈಗ ಇಬ್ಬರೂ ಇಲ್ಲ. ಅಬ್ಬಾ ಹೋದ ಮೇಲೆ ಅಣ್ಣಂದಿರು ಒಳ್ಳೆಯ ಸೀರೆಯೊಂದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದಿದ್ದರು, ಜೊತೆಗೆ ಹಕ್ಕು ಬಿಟ್ಟುಕೊಡುವ ಒಂದು ಕಾಗದ. ಸೀರೆ ಬಣ್ಣ ಚೆನ್ನಾಗಿತ್ತು, ಇಟ್ಟುಕೊಂಡೆ. ಕಾಗದ ವಾಪಸು ಕೊಟ್ಟೆ. ಉತಾರದಲ್ಲಿ ನನ್ನ ಹೆಸರಿದೆ, ಆ ಹೊಲದಲ್ಲಿ ಈ ವರ್ಷವೂ ಜೋಳವಿದೆ.