ಹಿಂಬದಿಯಿಂದ ಕಂಡ ಗೂಬೆ

ಶಕುನ, ಅಪಶಕುನಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಅಂಥ ನಂಬಿಕೆಗಳನ್ನು ಉಳಿಸಿಕೊಂಡರೆ ಓದಿದ್ದೇ ವ್ಯರ್ಥವೆಂದು ಭಾವಿಸಿದ್ದೆ. ಈಗ ಹೇಳಲಿರುವುದನ್ನು ನೀವು ನಂಬಲೇಬೇಕೆಂದು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದಂತೆಯೇ ಬರೆಯಬೇಕೆಂದು ನಿರ್ಧರಿಸಿದ್ದೇನೆ, ಅಷ್ಟೆ.

ಇಂಗ್ಲೆಂಡಿನ ಡರ್ಬಿಯಲ್ಲಿ ಎಂಜಿನಿಯರ್ ಆಗಿರುವ ನನಗೆ ಜಪಾನಿನ ಆಧುನಿಕ ಮರದಚ್ಚಿನ ಚಿತ್ರಗಳನ್ನು, ಅದರಲ್ಲೂ ಪ್ರಾಣಿಪಕ್ಷಿಗಳ ಚಿತ್ರಗಳನ್ನು, ಸಂಗ್ರಹಿಸುವ ಹವ್ಯಾಸವಿದೆ. ಕೆತ್ತಿದ ಹಲಗೆಗೆ ಬಣ್ಣ ಹಚ್ಚಿ, ಮೇಲೆ ತೆಳುವಾದ ಕಾಗದವನ್ನಿಟ್ಟು, ಅದರ ಬೆನ್ನನ್ನು ಕೈಯಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ಆದ್ದರಿಂದ ಬಲ್ಲವರು ಚಿತ್ರದ ಹಿಂಬದಿಯನ್ನೂ ನೋಡುತ್ತಾರೆ. ಉಜ್ಜಿದ ಸುತ್ತುಗೆರೆಗಳು ಅಲ್ಲಿ ಉಳಿದಿರುತ್ತವೆ. ನನ್ನಲ್ಲಿರುವ ಅತ್ಯುತ್ತಮ ಚಿತ್ರ ಒಂದು ಗೂಬೆಯದು. ಕಪ್ಪು ಕೊಂಬೆಯ ಮೇಲೆ ಕುಳಿತು ಎಡಕ್ಕೆ ನೋಡುತ್ತಿದೆ. ಎದೆಯ ಗರಿಗಳನ್ನು ಕಲಾವಿದ ಕೆತ್ತಿಯೇ ಇಲ್ಲ. ಹಲಗೆಯ ಎಳೆಗಳೇ ಗರಿಗಳಾಗಿವೆ.

ನನ್ನ ಹೆಂಡತಿ ಶ್ರುತಿಗೆ ದಿನ ತುಂಬುತ್ತಿದ್ದಾಗ ದಾವಣಗೆರೆಯಿಂದ ಅಮ್ಮ ಬಂದರು. ಒಳಗೆ ಕಾಲಿಡುತ್ತಲೇ, "ಬಸುರಿ ಇರೋ ಮನೇಲಿ ಗೂಬೆ ಕೂರ್ಸಿದೀಯಲ್ಲೋ!" ಎಂದರು.

"ಜಪಾನಲ್ಲಿ ಗೂಬೆ ಅಂದ್ರೆ ಶುಭ, ಅಮ್ಮ."

"ನಿನ್ ಹೆಂಡ್ತಿ ಹೆರೋದು ಜಪಾನಲ್ಲೇನೋ?"

ಶ್ರುತಿ ಜೋರಾಗಿ ನಕ್ಕಳು. ಆದರೆ ಕೆಲವು ದಿನಗಳ ನಂತರ ಅವಳೇ, "ಸ್ಕ್ಯಾನ್ ನಾರ್ಮಲ್ ಅಂದ್ರೂ ಅತ್ತೆಗೆ ನಿದ್ದೆ ಬರ್ತಿಲ್ಲ ರೀ. ಡೆಲಿವರಿ ಆಗೋ ತನಕ ತೆಗೆದಿಡಿ," ಎಂದಳು. ನಾನು ಒಪ್ಪಲಿಲ್ಲ. ಅಮ್ಮ ಊಟ ಬಿಟ್ಟ ಮೇಲೆ ಒಪ್ಪಿದೆ.

ಚಳಿಗಾಲದ ದಿನ, ನಾಲ್ಕಕ್ಕೆಲ್ಲ ಕತ್ತಲಾಗಿತ್ತು. ಚೌಕಟ್ಟಿನಿಂದ ಬಿಡಿಸಿದ ಚಿತ್ರವನ್ನು ಡ್ರಾಯರಿನಲ್ಲಿ ಇಡುವ ಮೊದಲು, ಹಿಂಬದಿಯನ್ನು ನನ್ನ ಕಡೆಗೆ ತಿರುಗಿಸಿ ದೀಪಕ್ಕೆ ಹಿಡಿದೆ. ಹಾಗೆ ಹಿಡಿದಾಗ ಕಾಗದದ ಮೂಲಕ ಚಿತ್ರ ಎಡಬಲ ಅದಲುಬದಲಾಗಿ ಕಾಣುತ್ತದೆ. ಕೊಂಬೆ ಹಾಗೆಯೇ ಅದಲುಬದಲಾಗಿ ಕಂಡಿತು, ಗೂಬೆಯ ದೇಹವೂ. ಮುಖ ಮಾತ್ರ, ಬಲಕ್ಕೆ ಇರಬೇಕಾದದ್ದು, ಎಡಕ್ಕೇ ಇತ್ತು. ಕಾಗದವನ್ನು ತಪ್ಪಾಗಿ ಹಿಡಿದಿರಲಿಲ್ಲ. ಉಜ್ಜಿದ ಗೆರೆಗಳು ನನ್ನ ಕಣ್ಣೆದುರಿಗೇ ಇದ್ದವು.

ಅದು ನೋಡುತ್ತಿದ್ದ ಕಡೆ ಸೋಫಾದ ಮೇಲೆ ಶ್ರುತಿ ಒರಗಿದ್ದಳು. ಏಕೆ ಕೇಳಿದೆನೋ ತಿಳಿಯದು: "ಇವತ್ತು ಮಗು ಒದೀತಾ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸಿದಳು. "ಬೆಳಿಗ್ಗೆಯಿಂದ... ಇಲ್ಲ ಅನ್ಸತ್ತೆ ರೀ."

"ಮಲ್ಗಿರತ್ತೆ ಬಿಡೋ," ಎಂದರು ಅಮ್ಮ. ನಾನು ಆಗಲೇ ಕಾರಿನ ಕೀ ಹುಡುಕುತ್ತಿದ್ದೆ.

ಆಸ್ಪತ್ರೆ ತಲುಪುವಷ್ಟರಲ್ಲಿ ಮಗುವಿನ ಎದೆಬಡಿತ ಕುಗ್ಗತೊಡಗಿತ್ತು. ತುರ್ತು ಶಸ್ತ್ರಚಿಕಿತ್ಸೆ ಮಾಡಿದರು. ಮಗಳು ಉಳಿದಳು. ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೆಂದು ಕೇಳಿದಾಗ ಮಿಡ್‌ವೈಫ್ ನನ್ನ ಭುಜ ತಟ್ಟಿ ಹೋದರು.

ಆ ಕಷ್ಟವನ್ನು ತಂದದ್ದೇ ಗೂಬೆ ಎಂದು ಅಮ್ಮ ಇಂದಿಗೂ ಹೇಳುತ್ತಾರೆ. ಅದು ಎಚ್ಚರಿಸಿತು ಎನ್ನಲು ನನಗೆ ನನ್ನ ಓದು ಅಡ್ಡ ಬರುತ್ತದೆ. ಕೇವಲ ಕಣ್ಣಿನ ಭ್ರಮೆ ಎನ್ನಲು ಬಾಯಿ ಬರುವುದಿಲ್ಲ. ಆಮೇಲೆ ಎಷ್ಟೋ ಸಲ ಅದನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಹಿಂಬದಿಯಿಂದ ಮುಖ ಬಲಕ್ಕೇ ಇದೆ, ಇರಬೇಕಾದಂತೆ. ಆ ಸಂಜೆ ಕಂಡದ್ದೇನೆಂದು ನನಗೆ ಗೊತ್ತಿಲ್ಲ.

ಚಿತ್ರವನ್ನು ಮತ್ತೆ ಗೋಡೆಗೆ ಹಾಕಿದ್ದೇನೆ. ಇನ್ನು ಯಾರು ಊಟ ಬಿಟ್ಟರೂ ತೆಗೆಯುವುದಿಲ್ಲ. ತೊಟ್ಟಿಲನ್ನು ಅದು ನೋಡುವ ಕಡೆಗೇ ಇಟ್ಟಿದ್ದೇನೆ.